ಭೂಮಿಕಾಳ ವೀಸಾ ಯಾವುದು?

ಅಮೆರಿಕಕ್ಕೆ ಹೊರಟ ಕನ್ನಡದ ಹುಡುಗರಿಗೆಲ್ಲ ಎರಡು ಸಾಮಾನು ಕಡ್ಡಾಯವಾಗಿ ಸಿಗುತ್ತವೆ. ಒಂದು, ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ತುರುಕಿದ ಚಟ್ನಿಪುಡಿ. ಇನ್ನೊಂದು, 'ಅಮೆರಿಕಾ ಅಮೆರಿಕಾ' ಸಿನಿಮಾದ ಎಚ್ಚರಿಕೆ. ಚಟ್ನಿಪುಡಿ ಎರಡು ತಿಂಗಳಲ್ಲಿ ಖಾಲಿಯಾಗುತ್ತೆ. ಎಚ್ಚರಿಕೆ ಮಾತ್ರ ಖಾಲಿಯಾಗಲ್ಲ. ಪ್ರತಿ ಸಲ ಊರಿಗೆ ಹೋದಾಗಲೂ ಯಾರಾದರೊಬ್ಬ ದೊಡ್ಡಪ್ಪನೋ ಮೇಷ್ಟ್ರೋ ಹೊಸದಾಗಿ ತುಂಬಿ ಕಳಿಸುತ್ತಾರೆ. "ಆ ಪಿಚ್ಚರ್ ನೋಡಿದ್ಯೇನಪ್ಪ? ದುಡ್ಡು ದುಡ್ಡು ಅಂತ ಹೋದೋನ ಗತಿ ಏನಾಯ್ತು ಗೊತ್ತಲ್ಲ?"

ಗೊತ್ತು. ನೋಡಿದ್ದೀನಿ. ಒಂದಲ್ಲ, ನಾಲ್ಕೈದು ಸಲ. ಒಳ್ಳೆಯ ಸಿನಿಮಾ ಅನ್ನೋದರಲ್ಲಿ ನನಗೆ ಅನುಮಾನವೇ ಇಲ್ಲ. ಮಂಡ್ಯ ಜಿಲ್ಲೆಯ ಹಳ್ಳಿಯಿಂದ ಬಂದ ನಾಗತಿಹಳ್ಳಿ ಚಂದ್ರಶೇಖರ್ ನಿರ್ದೇಶಿಸಿದ್ದು. 1996ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ ಅತ್ಯುತ್ತಮ ಚಿತ್ರ ಅಂತ ಗೌರವ ಪಡೆದದ್ದು. ಗೋಪಾಲಕೃಷ್ಣ ಅಡಿಗರ ಕವಿತೆಯೊಂದನ್ನು ಅದರೊಳಗೆ ಹಾಡಾಗಿಸಿ, ಕವನ ಸಂಕಲನ ಮುಟ್ಟದವರ ಬಾಯಲ್ಲೂ ಅಡಿಗರನ್ನು ಗುನುಗಿಸಿದ್ದು. ಇಷ್ಟು ಕೆಲಸ ಮಾಡಿದ ಸಿನಿಮಾಗಳು ನಮ್ಮಲ್ಲಿ ಎಷ್ಟಿವೆ ಹೇಳಿ?

ಆದರೂ ಇಷ್ಟು ವರ್ಷ ಸನ್ನಿವೇಲ್‌ನಲ್ಲಿ ಸಂಸಾರ ಮಾಡಿದ ಮೇಲೆ ಆ ಸಿನಿಮಾದ ಮೇಲೆ ನನ್ನದೊಂದು ತಕರಾರಿದೆ. ತಕರಾರು ಸಿನಿಮಾ ಒಂದರ ಮೇಲೇ ಅಲ್ಲ. ಕನ್ನಡದಲ್ಲಿ 'ಪರದೇಶ' ಅಂದ ಕೂಡಲೇ ನಾವು ಹೇಳಿಕೊಳ್ಳುವ ಕಥೆಗಳ ಒಟ್ಟು ಅಚ್ಚಿನ ಮೇಲೆ. ಆ ಅಚ್ಚು ಅತ್ಯಂತ ಚೆನ್ನಾಗಿ ಮೂಡಿರುವುದು ಈ ಸಿನಿಮಾದಲ್ಲಿ. ಹಾಗಾಗಿ ಇಲ್ಲಿಂದಲೇ ಶುರು ಮಾಡ್ತೀನಿ.

ಮೊದಲು ಹೆಸರುಗಳನ್ನು ನೋಡಿ. ಸೂರ್ಯ, ಭೂಮಿಕಾ, ಶಶಾಂಕ. ಅಂದರೆ ಸೂರ್ಯ, ಭೂಮಿ, ಚಂದ್ರ. ಮೂವರೂ ಬಾಲ್ಯದ ಗೆಳೆಯರು. ಸೂರ್ಯ ತನ್ನ ನೆಲದಲ್ಲೇ ನಿಲ್ಲುವವನು. ಶಶಾಂಕ ಅಮೆರಿಕಕ್ಕೆ ಹೋಗುವವನು. ಭೂಮಿಕಾ ಶಶಾಂಕನನ್ನು ಮದುವೆಯಾಗಿ ಅಲ್ಲಿಗೆ ಹೋಗಿ, ಒಂಟಿಯಾಗಿ ಒಳಗೊಳಗೇ ಸೊರಗುವವಳು. ಕೊನೆಗೆ ಶಶಾಂಕನ ಸಾವು. ಹೆಸರಿಟ್ಟಾಗಲೇ ತೀರ್ಪು ಬರೆದಾಗಿದೆ: ಭೂಮಿ ಸುತ್ತಬೇಕಾದದ್ದು ಸೂರ್ಯನನ್ನು, ಚಂದ್ರನ ಹಿಂದೆ ಹೋದರೆ ಗ್ರಹಚಾರ ತಪ್ಪಿದ್ದಲ್ಲ. ನಿಂತವನಿಗೆ ಸ್ವಂತ ಬೆಳಕು, ಹೋದವನದ್ದು ಸಾಲದ ಬೆಳಕು.

ಇದನ್ನೇ ಅಚ್ಚು ಅಂದಿದ್ದು ನಾನು. ಊರು ಅಂದರೆ ಪ್ರೀತಿ, ದೇವರು, ಸಂಬಂಧ. ಪರದೇಶ ಅಂದರೆ ಡಾಲರ್, ಡಿಶ್‌ವಾಷರ್, ಡೈವೋರ್ಸ್. ಹೋದವನು ಮೊದಲನೆಯದನ್ನು ಕೊಟ್ಟು ಎರಡನೆಯದನ್ನು ಕೊಂಡುಕೊಂಡ. ವ್ಯಾಪಾರ ಅಷ್ಟೇ.

ನನ್ನ ಹೆಂಡತಿಯ ಜೊತೆ ಕೂತು ಈ ಸಿನಿಮಾ ನೋಡುವಾಗ ಅವಳು ಒಂದೇ ಒಂದು ಪ್ರಶ್ನೆ ಕೇಳಿದಳು. "ರೀ, ಭೂಮಿಕಾದು ಯಾವ ವೀಸಾ?"

ನಗು ಬಂತು. ಆಮೇಲೆ ಯೋಚನೆಗೆ ಹತ್ತಿತು. ಯಾಕಂದ್ರೆ ಆ ಪ್ರಶ್ನೆಯಿಂದ ಇಡೀ ಕಥೆ ಬೇರೆ ಕಡೆಗೆ ತಿರುಗುತ್ತೆ.

ಗೊತ್ತಿಲ್ಲದವರಿಗೆ ಸ್ವಲ್ಪ ವಿವರ. ನಮ್ಮಂಥ ಇಂಜಿನಿಯರುಗಳು ಅಮೆರಿಕಕ್ಕೆ ಬರುವುದು ಹೆಚ್ಚಾಗಿ ಎಚ್-1ಬಿ ವೀಸಾದಲ್ಲಿ. ಮೊದಲಿಗೆ ಮೂರು ವರ್ಷ, ಮುಂದುವರಿಸಿದರೆ ಒಟ್ಟು ಆರು. ಜೊತೆಗೆ ಬರುವ ಹೆಂಡತಿಗೋ ಗಂಡನಿಗೋ ಎಚ್-4. ಆ ವೀಸಾದಲ್ಲಿ ಇರಬಹುದು, ಓದಬಹುದು, ಕಾರು ಓಡಿಸಬಹುದು, ಆದರೆ ದುಡಿಯುವ ಹಾಗಿಲ್ಲ. ಬಿಇ ಮಾಡಿರಲಿ, ಡಾಕ್ಟರೇ ಆಗಿರಲಿ, ಸಂಬಳ ತರುವ ಕೆಲಸ ಮಾಡಿದರೆ ಅಪರಾಧ. 2015ರ ಮೇ ತಿಂಗಳಿಂದ ಈ ನಿಯಮ ಸ್ವಲ್ಪ ಸಡಿಲವಾಯಿತು. ಗಂಡನ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಐ-140 ಅನ್ನುವ ಹಂತ ಮಂಜೂರಾಗಿದ್ದರೆ ಹೆಂಡತಿ ಕೆಲಸದ ಪರವಾನಗಿಗೆ ಅರ್ಜಿ ಹಾಕಬಹುದು ಅಂತಾಯಿತು. ಅಂದರೆ ಸಿನಿಮಾ ಬಂದ ಕಾಲದಲ್ಲಿ ಆ ಕಿಟಕಿಯೂ ಇರಲಿಲ್ಲ.

ನಾವು ಇಲ್ಲಿಗೆ ಬಂದದ್ದು 2013ರಲ್ಲಿ. ಬೆಂಗಳೂರಿನಲ್ಲಿ ನಾಲ್ಕು ವರ್ಷ ಟೆಸ್ಟಿಂಗ್ ಕೆಲಸ ಮಾಡಿ, ತನ್ನ ಸಂಬಳದಲ್ಲಿ ತಂಗಿಯ ಕಾಲೇಜು ಫೀಸು ಕಟ್ಟುತ್ತಿದ್ದ ಹುಡುಗಿ, ಇಲ್ಲಿ ಬಂದು ನನ್ನ ಕ್ರೆಡಿಟ್ ಕಾರ್ಡಿನ ಇನ್ನೊಂದು ತುಂಡು ಇಟ್ಟುಕೊಂಡು ತರಕಾರಿ ತರುವ ಹಾಗಾಯಿತು. ಅದೂ ನಾನು ಆಫೀಸಿನಿಂದ ಬಂದ ಮೇಲೆ, ನನ್ನ ಕಾರಿನಲ್ಲಿ. ಮಧ್ಯಾಹ್ನ ಹನ್ನೆರಡರಿಂದ ಆರರವರೆಗೆ ಅಪಾರ್ಟ್‌ಮೆಂಟಿನ ಕಾರ್ಪೆಟ್ಟು, ಫ್ರಿಜ್ಜಿನ ಗುಂಯ್ ಶಬ್ದ, ಮತ್ತು ಅವಳು. ಊರಿಗೆ ಫೋನ್ ಮಾಡೋಣ ಅಂದರೆ ಅಲ್ಲಿ ನಡುರಾತ್ರಿ. ಒಂದು ಸಂಜೆ ನಾನು, ಎಲ್ಲ ಗಂಡಂದಿರೂ ಕೇಳುವ ಹಾಗೆ, "ಅಮೆರಿಕ ಬೇಜಾರಾಯ್ತಾ? ವಾಪಸ್ ಹೋಗೋಣ್ವಾ?" ಅಂದೆ.

"ನಂಗೆ ಅಮೆರಿಕ ಬೇಜಾರಲ್ಲ ಕಣ್ರೀ. ಕೈಯಲ್ಲಿ ಸಂಬಳ ಇಲ್ಲ, ಬಾಗಿಲಾಚೆ ಆಟೋ ಇಲ್ಲ. ಹಿಂಗೆ ಕೂರ್ಸಿದ್ರೆ ಹಾಸನದಲ್ಲಾದ್ರೂ ಬೇಜಾರೇ" ಅಂದಳು.

ನನ್ನ ಪ್ರಕಾರ ಅಮೆರಿಕದ ಕನ್ನಡ ಸಂಸಾರಗಳ ಬಗ್ಗೆ ಬಂದಿರುವ ಅತ್ಯುತ್ತಮ ವಿಮರ್ಶೆ ಇದು. ಸಿನಿಮಾ ಭೂಮಿಕಾಳ ಒಂಟಿತನದ ಭಾರವನ್ನೆಲ್ಲ ಹೊರಿಸುವುದು ಗಂಡನ ಸ್ವಭಾವದ ಮೇಲೆ, ಅವನ ಆಸೆಯ ಮೇಲೆ, ಆ ದೇಶದ ಗುಣದ ಮೇಲೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸ್ಟ್ರೋಲರ್ ತಳ್ಳಿಕೊಂಡು ಓಡಾಡುವ ಹತ್ತಾರು ಭೂಮಿಕಾರ ಒಂಟಿತನಕ್ಕೆ ಮುಖ್ಯ ಕಾರಣ ಪಾಸ್‌ಪೋರ್ಟಿನಲ್ಲಿ ಅಂಟಿಸಿದ ಒಂದು ಚೀಟಿ. ಅದನ್ನು ಸಂಸ್ಕೃತಿಯ ಸಮಸ್ಯೆ ಅಂತ ಕರೆದ ಕೂಡಲೇ ಪರಿಹಾರ 'ವಾಪಸ್ ಬಾ' ಆಗುತ್ತೆ. ಕಾನೂನಿನ ಸಮಸ್ಯೆ ಅಂತ ಕರೆದರೆ ಪರಿಹಾರ ಬೇರೆ. ಅರ್ಜಿ, ಕಾಯುವಿಕೆ, ಪರವಾನಗಿ, ಡ್ರೈವಿಂಗ್ ಲೈಸೆನ್ಸು. ಸಿನಿಮಾ ಮಾಡೋಕೆ ಇದು ಚೆನ್ನಾಗಿರಲ್ಲ, ಒಪ್ಪಿದೆ. ಆದರೆ ಜೀವನ ನಡೆಯುವುದು ಇದರಲ್ಲೇ.

ಪ್ರೀತಿಯೂ ಇದರಲ್ಲೇ ನಡೆಯಿತು. ಒಂದು ಸೂಪರ್ ಮಾರ್ಕೆಟ್ಟಿನ ಹಿಂದಿನ ಖಾಲಿ ಪಾರ್ಕಿಂಗ್ ಜಾಗದಲ್ಲಿ, ಭಾನುವಾರ ಬೆಳಿಗ್ಗೆ ಏಳಕ್ಕೆ, ಅವಳಿಗೆ ಡ್ರೈವಿಂಗ್ ಕಲಿಸಿದ ಆರು ವಾರ ನಮ್ಮ ದಾಂಪತ್ಯದ ಅತ್ಯಂತ ಕಷ್ಟದ, ಅತ್ಯಂತ ಹತ್ತಿರದ ದಿನಗಳು. ಇಬ್ಬರೂ ಕಿರುಚಾಡಿದ್ದೀವಿ. ಲೈಸೆನ್ಸ್ ಬಂದ ದಿನ ಅವಳು ಒಬ್ಬಳೇ ಕಾರು ತಗೊಂಡು ಹೋಗಿ ಕೊತ್ತಂಬರಿ ಸೊಪ್ಪು ತಂದಳು. ಮನೆಯಲ್ಲಿ ಆಗಲೇ ಎರಡು ಕಟ್ಟು ಇತ್ತು. ನಮ್ಮ ಕಥೆಗಳಲ್ಲಿ ಈ ಥರದ ಪ್ರಣಯ ಎಲ್ಲಿದೆ? ಹುಡುಕಿದ್ದೀನಿ, ನನಗೆ ಸಿಕ್ಕಿಲ್ಲ.

ಈಗ ಅಚ್ಚಿನ ಇನ್ನೊಂದು ಬದಿ: ಊರು.

ನಿಂತ ಸೂರ್ಯನ ಹಾಗೆ ನಿಂತ ಊರು ಅಂತ ಒಂದಿದೆ ಅನ್ನೋದು ಈ ಕಥೆಗಳ ನಂಬಿಕೆ. ನಾನು ಹಾಸನ ಜಿಲ್ಲೆಯವನು, ಹೇಮಾವತಿ ಸೀಮೆಯವನು. ನಮ್ಮ ಕಡೆಯವರಿಗೆ ಈ ನಂಬಿಕೆ ಅಷ್ಟು ಸುಲಭವಾಗಿ ಹಿಡಿಸಲ್ಲ. ಗೊರೂರಿನಲ್ಲಿ ಅಣೆಕಟ್ಟು ಕಟ್ಟಿ ನೀರು ನಿಲ್ಲಿಸಿದಾಗ ಎಷ್ಟೋ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಪಾಳುಬಿದ್ದ ಚರ್ಚು ಮಳೆಗಾಲದಲ್ಲಿ ನೀರೊಳಗೆ ಅರ್ಧ ನಿಂತಿರುವ ಫೋಟೊ ನೀವೂ ಲೈಕ್ ಮಾಡಿರುತ್ತೀರಿ. ಪ್ರೀ-ವೆಡ್ಡಿಂಗ್ ಶೂಟಿಂಗ್‌ಗೆ ಹೋಗುವವರಿಗೆ ಅದು ಬ್ಯಾಕ್‌ಗ್ರೌಂಡು. ಮುಳುಗಿದ ಹಳ್ಳಿಯವರಿಗೆ ಅದು ವಿಳಾಸ. ಅವರು ಎಲ್ಲಿಗೂ ಹೋಗಲಿಲ್ಲ. ಊರೇ ಅವರನ್ನು ಬಿಟ್ಟು ಹೋಯಿತು.

ಅದೇ ಗೊರೂರಿನವರಾದ ಗೊರೂರು ರಾಮಸ್ವಾಮಿ ಅಯ್ಯಂಗಾರ್ ಮುಪ್ಪಿನಲ್ಲಿ ಅಮೆರಿಕ ನೋಡಿಬಂದು 'ಅಮೆರಿಕದಲ್ಲಿ ಗೊರೂರು' ಬರೆದರು. 1980ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವರಿಗಿಂತ ಹಳ್ಳಿಯವರು ಯಾರು ಸ್ವಾಮಿ? 'ಹಳ್ಳಿಯ ಚಿತ್ರಗಳು' ಬರೆದವರು, ಗಾಂಧಿವಾದಿ, ಖಾದಿ ಉಟ್ಟವರು. ಬೈಯುವ ಹಕ್ಕು ಯಾರಿಗಾದರೂ ಇದ್ದರೆ ಅವರಿಗಿತ್ತು. ಆದರೆ ಆ ಪುಸ್ತಕದ ಹೆಸರಿನ ತಮಾಷೆ ಗಮನಿಸಿ. ಗೊರೂರು ಅನ್ನೋದು ಅವರ ಹೆಸರೂ ಹೌದು, ಊರಿನ ಹೆಸರೂ ಹೌದು. ಅಮೆರಿಕಕ್ಕೆ ಹೋದದ್ದು ಮನುಷ್ಯನೋ ಊರೋ? ನಾನು ಓದಿಕೊಂಡಿರೋದು ಎರಡೂ ಅಂತ. ಅಂಗಳದಲ್ಲಿ ಕೂತು ಬೀದಿಯಲ್ಲಿ ಹೋಗುವವರನ್ನು ನೋಡಿದಷ್ಟೇ ಕುತೂಹಲದಿಂದ, ನಗುತ್ತಾ, ಆ ಮುದುಕರು ಇನ್ನೊಂದು ದೇಶವನ್ನು ನೋಡುತ್ತಾರೆ. ಮೂವತ್ತರ ಆಸುಪಾಸಿನ ನಾವು, ಬರುವ ಮೊದಲೇ ಕಣ್ಣೀರು ರೆಡಿ ಮಾಡಿಕೊಂಡು ಬರ್ತೀವಿ.

ಇನ್ನೊಂದು ಮಾತು. ನನಗೆ ಪರದೇಶ ಶುರುವಾದದ್ದು ಸ್ಯಾನ್ ಫ್ರಾನ್ಸಿಸ್ಕೊ ಏರ್‌ಪೋರ್ಟಿನಲ್ಲಿ ಅಲ್ಲ. ಬೆಂಗಳೂರಿನಲ್ಲಿ. ಹಾಸನದಲ್ಲಿ ಬಿಇ ಮುಗಿಸಿ ಬಿಟಿಎಂ ಲೇಔಟಿನ ಪಿಜಿಯೊಂದರಲ್ಲಿ ಮೂರು ಜನರ ರೂಮಿಗೆ ಸೇರಿದಾಗ, ವಾಚ್‌ಮನ್ ಹಿಂದಿಯಲ್ಲಿ ಮಾತಾಡಿಸಿದ, ಟೀಮ್ ಲೀಡ್ ಇಂಗ್ಲಿಷಿನಲ್ಲಿ ಮಾತಾಡಿಸಿದ, ರೂಮ್‌ಮೇಟು ತೆಲುಗಿನಲ್ಲಿ. "ಐತೆ", "ಹೋಯ್ತವ್ನೆ" ಅನ್ನುತ್ತಿದ್ದ ನನ್ನ ನಾಲಗೆ ಮೂರು ತಿಂಗಳಲ್ಲಿ "ಇದೆ", "ಹೋಗ್ತಿದಾನೆ" ಅನ್ನೋಕೆ ಕಲಿತದ್ದು ಆಗಲೇ. ಹಾಸನದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ನಾಲ್ಕು ಗಂಟೆ. ನಾನು ಇಲ್ಲಿಯವರೆಗೆ ಮಾಡಿದ ಅತಿ ಉದ್ದದ ಪ್ರಯಾಣ ಅದೇ. ಸನ್ನಿವೇಲ್‌ಗೆ ಬರುವ ಹೊತ್ತಿಗೆ ಹೊಸಬನಾಗುವುದು ನನಗೆ ಅಭ್ಯಾಸವಾಗಿತ್ತು.

ಇದನ್ನು ಕನ್ನಡದಲ್ಲಿ ಸರಿಯಾಗಿ ಹಿಡಿದವರು ಯಶವಂತ ಚಿತ್ತಾಲರು. 1979ರ 'ಶಿಕಾರಿ' ಓದಿ. ಉತ್ತರ ಕನ್ನಡದ ಹನೇಹಳ್ಳಿಯಿಂದ ಮುಂಬಯಿಗೆ ಹೋಗಿ, ಪ್ಲಾಸ್ಟಿಕ್ ಉದ್ಯಮದಲ್ಲಿ ತಂತ್ರಜ್ಞರಾಗಿ ದುಡಿದ ಮನುಷ್ಯ ಬರೆದದ್ದು. ಅದರ ನಾಯಕ ನಾಗಪ್ಪ ಒಂದು ಕಂಪನಿಯ ಅಧಿಕಾರಿ. ಇದ್ದಕ್ಕಿದ್ದಂತೆ ಕೆಲಸದಿಂದ ಅಮಾನತಾಗುತ್ತಾನೆ. ಯಾಕೆ, ಯಾರಿಂದ, ಯಾವ ಆರೋಪಕ್ಕೆ ಅನ್ನೋದು ತಿಳಿಯದೆ ಒದ್ದಾಡುತ್ತಾನೆ. ಪರ್ಫಾರ್ಮೆನ್ಸ್ ರಿವ್ಯೂ ಮುಗಿಸಿ ಬಂದ ಯಾವ ಇಂಜಿನಿಯರಿಗಾದರೂ ಆ ಪುಟಗಳಲ್ಲಿ ಬೆವರು ಬರುತ್ತೆ. ಚಿತ್ತಾಲರಿಗೆ ನಗರ ಅಂದರೆ ಹಳ್ಳಿಯ ಹುಡುಗ ಕೆಟ್ಟುಹೋಗುವ ಜಾಗ ಅಲ್ಲ. ಅವನು ಬೇಟೆಯಾಗುವ ಜಾಗ. ಕೆಟ್ಟುಹೋದೆ ಅಂದರೆ ತಪ್ಪು ನಿಂದು. ಬೇಟೆಯಾದೆ ಅಂದರೆ ಬೇಟೆಗಾರ ಯಾರು ಅಂತ ಕೇಳಬೇಕಾಗುತ್ತೆ. 'ಅಮೆರಿಕಾ ಅಮೆರಿಕಾ'ದ ಅಚ್ಚು ಮೊದಲನೆಯದನ್ನು ಹೇಳುತ್ತೆ. ನನ್ನ ತಕರಾರು ಇರೋದು ಇಲ್ಲಿ.

ಅಚ್ಚಿನ ಮೂರನೆಯ ಬದಿ ದೇವರು. ಇಲ್ಲಿ ನನಗೆ ನೆರವಿಗೆ ಬರುವವರು ಎ.ಕೆ. ರಾಮಾನುಜನ್. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿ, 1960ರ ದಶಕದ ಆರಂಭದಿಂದ 1993ರಲ್ಲಿ ತೀರಿಕೊಳ್ಳುವವರೆಗೂ ಶಿಕಾಗೊದಲ್ಲಿದ್ದವರು. ಅಲ್ಲಿದ್ದುಕೊಂಡೇ 1969ರಲ್ಲಿ 'ಹೊಕ್ಕುಳಲ್ಲಿ ಹೂವಿಲ್ಲ' ಅಂತ ಕನ್ನಡ ಕವನ ಸಂಕಲನ ತಂದವರು. ಭಾರತೀಯರಿಗೆ ತಮ್ಮದೇ ಆದ ಒಂದು ಯೋಚನಾ ಕ್ರಮ ಇದೆಯಾ ಅಂತ ಕೇಳುವ ಅವರ ಇಂಗ್ಲಿಷ್ ಪ್ರಬಂಧವೊಂದು 1989ರಲ್ಲಿ ಪ್ರಕಟವಾಯಿತು. ಅದರಲ್ಲಿ ಅವರು ಎರಡು ಪದ ಬಳಸುತ್ತಾರೆ: ಕಾಂಟೆಕ್ಸ್ಟ್-ಫ್ರೀ, ಕಾಂಟೆಕ್ಸ್ಟ್-ಸೆನ್ಸಿಟಿವ್. ಐದನೇ ಸೆಮಿಸ್ಟರಲ್ಲಿ ಆಟೊಮ್ಯಾಟ ಥಿಯರಿ ಓದಿದವರು ಈಗ ನಿಟ್ಟುಸಿರು ಬಿಡುತ್ತಿರಬಹುದು. ಹೌದು, ಅದೇ ಗ್ರಾಮರ್, ಅದೇ ಚಾಮ್‌ಸ್ಕಿ. ಅಕ್ಕಪಕ್ಕ ಏನಿದೆ ಅಂತ ನೋಡದೆ ಎಲ್ಲ ಕಡೆ ಒಂದೇ ಥರ ಅನ್ವಯವಾಗುವ ನಿಯಮ ಕಾಂಟೆಕ್ಸ್ಟ್-ಫ್ರೀ. ಅಕ್ಕಪಕ್ಕ ನೋಡಿಯೇ ಅನ್ವಯವಾಗುವುದು ಇನ್ನೊಂದು. ಪರೀಕ್ಷೆಗೆ ಹತ್ತು ಮಾರ್ಕಿಗೆ ಬರೆದು ಮರೆತಿದ್ದ ಈ ವಿಷಯವನ್ನು ರಾಮಾನುಜನ್ ತಮ್ಮ ತಂದೆಯ ಮೇಲೆ ಪ್ರಯೋಗಿಸುತ್ತಾರೆ. ಆ ತಂದೆ ಗಣಿತದ ಪ್ರೊಫೆಸರ್, ಖಗೋಳ ಬಲ್ಲವರು, ಜಾತಕವನ್ನೂ ನೋಡುವವರು. ಮಗನಿಗೆ ಇದು ಕಿರಿಕಿರಿ. ವಿಜ್ಞಾನವನ್ನೂ ಜ್ಯೋತಿಷ್ಯವನ್ನೂ ಒಂದೇ ತಲೆಯಲ್ಲಿ ಹೇಗೆ ಇಟ್ಟುಕೊಳ್ತೀರಿ ಅಂತ ಕೇಳಿದರೆ, ಮಿದುಳಿಗೆ ಎರಡು ಭಾಗ ಇದೆಯಲ್ಲ ಅನ್ನೋ ಅರ್ಥದ ಉತ್ತರ ಬರುತ್ತೆ. ರಾಮಾನುಜನ್ ಅದನ್ನು ಬೂಟಾಟಿಕೆ ಅಂತ ಬದಿಗೆ ಸರಿಸುವುದಿಲ್ಲ. ಸಂದರ್ಭ ನೋಡಿ ನಡೆಯುವ ಮನಸ್ಸು ಹೇಗಿರುತ್ತೆ ಅಂತ ಬಿಡಿಸುತ್ತಾ ಹೋಗುತ್ತಾರೆ.

ನನಗೆ ಈ ಪ್ರಬಂಧ ಅರ್ಥವಾದದ್ದು ನಮ್ಮೂರ ಮಾರಮ್ಮನಿಂದ.

ಬೇ ಏರಿಯಾದಲ್ಲಿ ದೇವಸ್ಥಾನಗಳಿಗೆ ಕೊರತೆಯಿಲ್ಲ. ಲಿವರ್‌ಮೋರ್‌ನಲ್ಲಿ ಶಿವ-ವಿಷ್ಣು ದೇವಾಲಯ ಇದೆ, ಸನ್ನಿವೇಲ್‌ನಲ್ಲೂ ಇದೆ. ವೀಕೆಂಡಿನಲ್ಲಿ ಪಾರ್ಕಿಂಗ್ ಸಿಕ್ಕಲ್ಲ. ವಾರದ ನಡುವೆ ಬಂದ ಹಬ್ಬವನ್ನು ಎಲ್ಲರೂ ಸೇರಿ ಆಚರಿಸುವುದು ಶನಿವಾರ. ಇದನ್ನು ನೋಡಿ ನಗುವವರಿದ್ದಾರೆ, "ದೇವರಿಗೂ ವೀಕೆಂಡಾ?" ಅಂತ. ನನಗೆ ಅದರಲ್ಲಿ ನಗು ಬರಲ್ಲ. ರಾಗಿ ಕುಯ್ಲು ಮುಗಿಯದೆ ನಮ್ಮೂರಲ್ಲೂ ಜಾತ್ರೆ ಮಾಡುತ್ತಿರಲಿಲ್ಲ. ಭಕ್ತರ ಬಿಡುವು ನೋಡಿಕೊಂಡು ಬರುವುದು ದೇವರಿಗೆ ಹೊಸದೇನಲ್ಲ.

ನನ್ನನ್ನು ಕಾಡುವುದು ಬೇರೆ. ಈ ದೇವಸ್ಥಾನಗಳಲ್ಲಿ ಶಿವ ಇದ್ದಾನೆ, ವೆಂಕಟೇಶ್ವರ ಇದ್ದಾನೆ, ಗಣಪತಿ ಇದ್ದಾನೆ. ಕೋಳಿ ತಿನ್ನುವ ನಮ್ಮ ಮಾರಮ್ಮ ಇಲ್ಲ. ಆಗಮದ ದೇವರುಗಳಿಗೆ ವೀಸಾ ಸಿಕ್ಕಿದೆ, ಊರಮ್ಮಂದಿರಿಗೆ ಸಿಕ್ಕಿಲ್ಲ. 'ನಮ್ಮ ಸಂಸ್ಕೃತಿ ಉಳಿಸಿಕೊಳ್ಳಬೇಕು' ಅಂತ ಇಲ್ಲಿನ ಸಭೆಗಳಲ್ಲಿ ಭಾಷಣ ಕೇಳುವಾಗೆಲ್ಲ ನನಗೆ ಈ ಅನುಮಾನ: ಯಾರ ಸಂಸ್ಕೃತಿ? ನಮ್ಮಜ್ಜಿಯ ದೇವರು ಆ ಪಟ್ಟಿಯಲ್ಲಿ ಇಲ್ಲವಲ್ಲ. ಪರದೇಶದ ಕಥೆಗಳು 'ದೇವರು' ಅಂತ ಒಂದೇ ಪದ ಬಳಸಿ ಮುಗಿಸುತ್ತವೆ. ಕಾಂಟೆಕ್ಸ್ಟ್-ಫ್ರೀ ದೇವರು. ಯಾವ ಬೀದಿಯವನು, ಯಾವ ಜನದವನು, ಏನು ತಿನ್ನುವವನು ಅಂತ ಕೇಳಬಾರದು.

ಮಾರಮ್ಮನಾದರೋ ಪೂರ್ತಿ ಕಾಂಟೆಕ್ಸ್ಟ್-ಸೆನ್ಸಿಟಿವ್. ಅವಳ ಅಧಿಕಾರ ಊರ ಗಡಿಯವರೆಗೆ. ಗಡಿಕಲ್ಲು ದಾಟಿದರೆ ಪಕ್ಕದೂರಿನ ಅಮ್ಮನ ಪಾಳಿ. ಸನ್ನಿವೇಲ್ ಅವಳ ಲಿಮಿಟ್ಟಿಗೆ ಬರಲ್ಲ ಅಂತ ನಮ್ಮವ್ವನಿಗೂ ಗೊತ್ತು. ನಮ್ಮ ಮಗಳಿಗೆ ಎಂಟು ತಿಂಗಳಿದ್ದಾಗ ಮೂರು ದಿನ ಜ್ವರ ಇಳಿಯಲಿಲ್ಲ. ಇಲ್ಲಿ ಡಾಕ್ಟರ್ ನೋಡಿ, "ವೈರಲ್, ಕಾಯಿರಿ" ಅಂದರು. ಅವ್ವನಿಗೆ ಫೋನ್ ಮಾಡಿದೆ. ಆ ಕಡೆ ಒಂದು ನಿಮಿಷ ಸದ್ದಿಲ್ಲ. ಆಮೇಲೆ, "ಹನ್ನೊಂದ್ ರೂಪಾಯಿ ಮುಡುಪು ಕಟ್ಟಿವ್ನಿ ಮಗ. ಅರಿಶಿಣದ್ ಬಟ್ಟೇಲಿ ಕಟ್ಟಿ ದೇವ್ರ ಮುಂದೆ ಇಟ್ಟಿವ್ನಿ. ನೀವು ಯಾವಾಗ್ ಬತ್ತೀರೋ ಆವಾಗ್ ಒಪ್ಸಿ. ಅಮ್ಮನಿಗೇನು ಅರ್ಜೆಂಟಿಲ್ಲ" ಅಂದಳು.

ನಾನು ನಂಬುವವನೋ ಅಲ್ಲವೋ ಅಂತ ನೀವು ಕೇಳಬಹುದು. ಅಪ್ಪನಂಥ ಎರಡು ಭಾಗದ ಮಿದುಳು ನನಗೂ ಇದೆ ಅಂತಿಟ್ಟುಕೊಳ್ಳಿ. ಆದರೆ ಆ ವ್ಯವಸ್ಥೆಯನ್ನು ನೋಡಿ. ಮಗು ಕ್ಯಾಲಿಫೋರ್ನಿಯಾದಲ್ಲಿ, ಜ್ವರ ಇಲ್ಲಿ, ದೇವತೆ ಅಲ್ಲಿ, ಹರಕೆ ಅಜ್ಜಿಯ ಹೆಸರಲ್ಲಿ, ತೀರಿಸುವ ದಿನಾಂಕ ಖಾಲಿ. ಗಡಿ ದಾಟದ ದೇವತೆಯನ್ನೂ ಗಡಿ ದಾಟಿದ ಮೊಮ್ಮಗಳನ್ನೂ ಹನ್ನೊಂದು ರೂಪಾಯಿಯಲ್ಲಿ ಕಟ್ಟಿಹಾಕಿದ್ದಾಳೆ ಅವ್ವ. ಇಲ್ಲಿ ಏನು ಕಳೆದುಹೋಗಿದೆ? ಯಾರು ಏನನ್ನು ಮಾರಿಕೊಂಡಿದ್ದಾರೆ? ಹೋದವನು-ನಿಂತವನು ಅನ್ನುವ ಅಚ್ಚಿಗೆ ಈ ಮುಡುಪನ್ನು ಹಾಕಿದರೆ ಹಿಡಿಸುವುದೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಸಿನಿಮಾಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಲೇಬೇಕು. ಒಮ್ಮೆ ಊರಿನಲ್ಲಿ ಟಿವಿಯಲ್ಲಿ ಅದು ಬರುತ್ತಿತ್ತು. ಅಪ್ಪಾಜಿ ನೋಡುತ್ತಾ ಕೂತಿದ್ದರು. ನಾನು ಪಕ್ಕದಲ್ಲೇ ಇದ್ದೆ, ರಜೆಯ ಕೊನೆಯ ವಾರ. ಅಪ್ಪಾಜಿ ಪರದೆ ಬಿಟ್ಟು ನನ್ನ ಕಡೆ ತಿರುಗಲೇ ಇಲ್ಲ. ಅವತ್ತು ನನಗೆ ಹೊಳೆಯಿತು, ಈ ಸಿನಿಮಾ ಅಮೆರಿಕದಲ್ಲಿರುವವರ ಬಗ್ಗೆ ಅಲ್ಲ ಅಂತ. ಇದು ಕಳಿಸಿ ಕೂತವರ ಕನಸು. ಭಯದ ಕನಸು. ಮಗ ಏನು ತಿಂತಾನೋ, ಸೊಸೆ ಅಳ್ತಿದಾಳೋ, ಅವನ ಕಾರು ಎಲ್ಲಿ ಗುದ್ದಿಕೊಳ್ಳುತ್ತೋ ಅಂತ ರಾತ್ರಿ ಎದ್ದು ಕೂರುವವರು ಕಂಡ ಅಮೆರಿಕ. ಆ ಅರ್ಥದಲ್ಲಿ ಅದರ ಪ್ರತಿ ದೃಶ್ಯವೂ ನಿಜ. ಅಪ್ಪಾಜಿಯ ಮಟ್ಟಿಗೆ ಶಶಾಂಕ ಪ್ರತಿ ರಾತ್ರಿ ಸಾಯುತ್ತಾನೆ, ಭಾನುವಾರ ನಾನು ಫೋನ್ ಮಾಡಿದಾಗ ಬದುಕುತ್ತಾನೆ.

ಹಾಗಾದರೆ ತಪ್ಪು ಎಲ್ಲಿದೆ? ನಿಂತವರು ತಮ್ಮ ಕಥೆ ಹೇಳಿದ್ದಾರೆ, ಚೆನ್ನಾಗಿ ಹೇಳಿದ್ದಾರೆ. ಹೋದವರು ತಮ್ಮದನ್ನು ಹೇಳುವ ಬದಲು ಅದೇ ಕಥೆಯನ್ನು ಎರವಲು ಪಡೆದು ಮತ್ತೆ ಮತ್ತೆ ಹೇಳುತ್ತಿದ್ದಾರೆ. ಅನಿವಾಸಿ ಅಂಕಣಗಳನ್ನು ತೆಗೆದು ನೋಡಿ. ಮಳೆ, ಮಣ್ಣಿನ ವಾಸನೆ, ಅಮ್ಮನ ಕೈತುತ್ತು, ಮಲ್ಲಿಗೆ. ಬರೆಯುವವರ ನಿಜವಾದ ದಿನದಲ್ಲಿ ಇರುವುದು ಐ-140, ಡೇಕೇರ್ ಫೀಸು, ಲೇಆಫ್ ಆದರೆ ಅರವತ್ತು ದಿನದಲ್ಲಿ ಇನ್ನೊಂದು ಕೆಲಸ ಹುಡುಕಬೇಕಾದ ಹೆದರಿಕೆ, ಒಂದು ವರ್ಷಕ್ಕೆ ಯಾವ ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚು ಗ್ರೀನ್ ಕಾರ್ಡ್ ಇಲ್ಲ ಅನ್ನುವ ನಿಯಮದಿಂದ ಬೆಳೆದ ಉದ್ದದ ಸಾಲು. ಅದರ ನಡುವೆ ಒಂದಿಷ್ಟು ಪ್ರೀತಿ, ಒಂದಿಷ್ಟು ಮುಡುಪು. ಇದ್ಯಾವುದೂ ಬರಹಕ್ಕೆ ಬರುವುದಿಲ್ಲ. ಯಾಕಂದ್ರೆ ಅನಿವಾಸಿ ಅಂದರೆ ಹೀಗೇ ಅಳಬೇಕು ಅಂತ ಆಗಲೇ ಗೊತ್ತಾಗಿಬಿಟ್ಟಿದೆ. ಇದರಲ್ಲಿ ನಷ್ಟ ಯಾರಿಗೆ ಅಂದರೆ ಅಪ್ಪಾಜಿಗೆ. ನಿಜ ಏನು ಅಂತ ನಾವು ಹೇಳದಿದ್ದರೆ ಅವರ ಪಾಲಿಗೆ ಸಿನಿಮಾವೇ ಗತಿ.

ವಚನಕಾರರು ಸ್ಥಾವರಕ್ಕಿಂತ ಜಂಗಮ ದೊಡ್ಡದು ಅಂದ ನಾಡು ನಮ್ಮದು. ಆ ವಚನಗಳನ್ನು ಇಂಗ್ಲಿಷಿಗೆ ದಾಟಿಸಿ 1973ರಲ್ಲಿ ಪ್ರಕಟಿಸಿದವರೂ ಶಿಕಾಗೊದಲ್ಲಿದ್ದ ಅದೇ ರಾಮಾನುಜನ್. 'ಅಮೆರಿಕಾ ಅಮೆರಿಕಾ'ದ ಹಾಡುಗಳಿಗೆ ಸಂಗೀತ ಕೊಟ್ಟ ಮನೋಮೂರ್ತಿಯವರೂ ಅಮೆರಿಕದಲ್ಲಿ ನೆಲೆಸಿದ ಸಾಫ್ಟ್‌ವೇರ್ ಉದ್ಯಮಿ. ಊರಿನಲ್ಲಿ ಕೂತವರ ಕಣ್ಣು ಒದ್ದೆ ಮಾಡುವ ರಾಗ ಹುಟ್ಟಿದ್ದು ಊರು ಬಿಟ್ಟವರ ಕೈಯಲ್ಲಿ. ಸಿನಿಮಾದ ಒಳಗಿನ ತೀರ್ಪಿಗೆ ಸಿನಿಮಾದ ಟೈಟಲ್ ಕಾರ್ಡೇ ಸಣ್ಣದೊಂದು ತಕರಾರು ಹಾಕಿದಂತಿದೆ, ನೋಡಿದಿರಾ?

ಮುಂದೆ ಯಾರಾದರೂ ಕನ್ನಡದಲ್ಲಿ ಪರದೇಶದ ಕಥೆ ಬರೆಯುವುದಾದರೆ, ಸಿನಿಮಾ ತೆಗೆಯುವುದಾದರೆ, ನನ್ನದು ಒಂದೇ ಕೋರಿಕೆ. ಪಾತ್ರಗಳಿಗೆ ಸೂರ್ಯ-ಚಂದ್ರರ ಹೆಸರಿಡುವ ಮೊದಲು ಅವರ ಕಾಗದಪತ್ರ ಕೇಳಿ. ಅವಳಿಗೆ ಕೆಲಸ ಮಾಡಲು ಅನುಮತಿ ಇದೆಯಾ? ಕಾರು ಓಡಿಸೋಕೆ ಬರುತ್ತಾ? ಅವರ ಮನೆದೇವರು ಯಾವ ಗಡಿಯವರೆಗೆ? ಅಪ್ಪನಿಗೆ ಫೋನ್ ಮಾಡುವುದು ಯಾವ ವಾರ? ಇಷ್ಟು ಗೊತ್ತಾದರೆ ಸಾಕು, ಕಥೆ ತಾನಾಗಿ ಬರುತ್ತೆ. ಮಣ್ಣಿನ ವಾಸನೆ ಬೇಕಿದ್ದರೆ ಕೊನೆಯಲ್ಲಿ ಸ್ವಲ್ಪ ಸೇರಿಸಿಕೊಳ್ಳಿ, ಒಗ್ಗರಣೆಗೆ.